ಪಕ್ಕದ ಮನೆಯ ಪ್ರತಿ

ಸರ್ವರ್ ಡಬ್ಬಿಯ ಜಾಲರಿಗೆ ಹತ್ತಿದ ಒಗ್ಗರಣೆಯ ಜಿಡ್ಡನ್ನು ಸುಮಂಗಲಾ ಒರೆಸುತ್ತಿದ್ದಾಗ ಪಕ್ಕದ ಮನೆಯ ಮಹಾಂತೇಶ ಹೊಸ ಡಿಸ್ಕ್ ಹಿಡಿದು ಬಂದ. ಹಳೆಯ ನೆನಪು ತಲೆಯಲ್ಲಿ ನಿಲ್ಲುವುದು ಬಿಟ್ಟ ಮೇಲೆ ಎಲ್ಲರ ಮನೆಯಲ್ಲೂ ಅದನ್ನು ಕೂಡಿಡುವ ಇಂಥದೊಂದು ಡಬ್ಬಿ. ಅದು ಸುಟ್ಟುಹೋದರೆ ಇರಲೆಂದು, ಹೆಪ್ಪಿನ ಹಾಗೆ, ಪಕ್ಕದ ಮನೆಯಲ್ಲೊಂದು ಪ್ರತಿ.

ಮಹಾಂತೇಶನ ಮನೆಯ ಡಬ್ಬಿ ಮೊನ್ನೆ ಸುಟ್ಟುಹೋಗಿತ್ತು. ಹೊಸದನ್ನು ತಾನೇ ಜೋಡಿಸಿ, ತನ್ನ ಪಾಲಿನ ನೆನಪನ್ನು ನಿನ್ನೆಯೇ ಒಯ್ದಿದ್ದ. ಇವತ್ತು ಹೆಂಡತಿ ಕಸ್ತೂರಿಯ ಪಾಲು.

"ಅಕ್ಕಾರ, ಆಕೀದು ದೀಪಾವಳಿ ಒಂದ ಬಿಟ್ಟು ಹಾಕ್ರಿ. ಸುಮ್ನ ಜಾಗಾ ತಿಂತೈತಿ."

"ಒಂದ ಹಬ್ಬ ಎಷ್ಟ ಜಾಗಾ ತಿಂದೀತೋ?"

"ಕೇಳ್ರಿಲ್ಲಿ, ಹೆಂಗ ಹಾಡಾಕತ್ತಾಳ. ಹಿಂಗ ಇರ್ಲಿ ಬಿಡ್ರಿ."

ಗೋಡೆಯಾಚೆ ಕಸ್ತೂರಿ ನಿಜಕ್ಕೂ ಹಾಡುತ್ತಿದ್ದಳು. ದೀಪಾವಳಿಯ ರಾತ್ರಿ ಇದೇ ಅಡುಗೆಮನೆಯಲ್ಲಿ, ಗಂಡ ತಿರುವಿದ ಕೈಗೆ ಅರಿಶಿನ ಹಚ್ಚಿಸಿಕೊಳ್ಳುತ್ತ, "ಅಕ್ಕಾ, ಯಾರಿಗೂ ಹೇಳಬ್ಯಾಡ್ರಿ. ಆದ್ರ ನಾ ಇದನ್ನ ಮರಿಯಾಂಗಿಲ್ಲ," ಎಂದಿದ್ದಳು. ಡಬ್ಬಿ ಸುಟ್ಟುಹೋದ ಮೇಲೆ ಆ ಮಾತು ಕಸ್ತೂರಿಗೇ ನೆನಪಿರಲಿಲ್ಲ, ಸುಮಂಗಲಾಳಿಗಷ್ಟೇ ಇತ್ತು.

ಒರೆಸಿದ ಜಾಲರಿಯನ್ನೇ ಅವಳು ಮತ್ತೆ ಒರೆಸಿದಳು. ಆ ಹಾಡನ್ನು ನಾನೇ ನಿಲ್ಲಿಸಲೇ?

"ಆತು, ಡಿಸ್ಕ್ ಇಟ್ಟ ಹೋಗು. ಸಂಜಿಗೆ ಒಯ್ಯಿ," ಎಂದಳು.

ಅವನು ಹೋದ ಮೇಲೆ ಕಸ್ತೂರಿಯ ಪ್ರತಿಯನ್ನು ತೆರೆದಳು. ದೀಪಾವಳಿಯ ಹತ್ತಿರ ಬೆರಳು ನಿಂತಿತು. ಹಾಡು ಇನ್ನೂ ಕೇಳುತ್ತಿತ್ತು. ಅದು ಮುಗಿಯುವವರೆಗೆ ಕಾದು, ಏನನ್ನೂ ಬಿಡದೆ, ಎಲ್ಲವನ್ನೂ ಡಿಸ್ಕಿಗೆ ಹಾಕಿದಳು.