ತೊಳೆದ ಮನೆ, ತೊಳೆಯದ ಮನೆ

ಹನ್ನೊಂದು ಗಂಟೆಗೆ ಪುರಸಭೆಯ ಇಂಜಿನಿಯರ್ ತನಿಖೆಗೆ ಬರುತ್ತಾರೆಂಬ ಸುದ್ದಿ ಬೆಳಿಗ್ಗೆ ಆರಕ್ಕೇ ಬಂತು. ಗಂಗಲಕ್ಷ್ಮಮ್ಮ ಸೀರೆ ಎತ್ತಿ ಕಟ್ಟಿ ಪೊರಕೆ ಹಿಡಿದರು.

ನಾಲ್ಕು ದಿನದ ಹಿಂದೆ ಮಟಮಟ ಮಧ್ಯಾಹ್ನ ಒಳಚರಂಡಿ ಕಟ್ಟಿಕೊಂಡು, ಬೀದಿಯ ಕೊನೆಯ ಎರಡು ಮನೆಗಳ ಬಚ್ಚಲಿನಿಂದ ಇಡೀ ಬೀದಿಯ ಕೊಳಕು ಉಕ್ಕಿ ಬಂದಿತ್ತು. ಗಂಗಲಕ್ಷ್ಮಮ್ಮನ ಮನೆಯಲ್ಲಿ ಎರಡು ಮೂಟೆ ರಾಗಿ, ಹಾಸಿಗೆ, ಚಾಪೆ ಎಲ್ಲ ಅದರಲ್ಲಿ ನೆನೆದಿದ್ದವು. ಪೈಪು ಹೂತ ಕಂಟ್ರಾಕ್ಟರ್ ತನ್ನದೇನೂ ತಪ್ಪಿಲ್ಲ ಎಂದುಬಿಟ್ಟಿದ್ದ. ಅವನ ಒಂದು ವರ್ಷದ ಹೊಣೆ ಶನಿವಾರಕ್ಕೆ ಮುಗಿಯುತ್ತಿತ್ತು. ಅದರೊಳಗೆ ಮನೆಗೆ ಹಾನಿಯಾಗಿದೆ ಎಂದು ಇಂಜಿನಿಯರ್ ಬರೆದುಕೊಟ್ಟರೆ ಅವನೇ ಬಂದು ಬೀದಿ ಅಗೆದು ಪೈಪು ಸರಿಮಾಡಬೇಕು. ಇಲ್ಲದಿದ್ದರೆ ಇನ್ನು ಎಷ್ಟು ಸಲ ಉಕ್ಕಿದರೂ ಕೇಳುವವರಿಲ್ಲ.

"ಗಂಗಕ್ಕ, ಏನೂ ಮುಟ್ಬ್ಯಾಡ. ಇದ್ದದ್ದು ಇದ್ದಂಗೇ ಇರ್ಲಿ. ಬಂದೋರು ಕಣ್ಣಲ್ಲೂ ನೋಡ್ಲಿ, ಮೂಗಲ್ಲೂ ನೋಡ್ಲಿ" ಎಂದು ಹೇಳಿ ಪಕ್ಕದ ಮನೆಯ ಚಿಕ್ಕರಂಗಯ್ಯ ಬೀಗ ಹಾಕಿಕೊಂಡು ಶಿರಾದ ತಂಗಿಯ ಮನೆಗೆ ಹೋಗಿಬಿಟ್ಟಿದ್ದರು. ಗಂಗಲಕ್ಷ್ಮಮ್ಮನೂ ಆ ಮಾತಿಗೆ ಕಟ್ಟುಬಿದ್ದು, ಎದುರು ಮನೆಯ ಚನ್ನಮಲ್ಲಮ್ಮನ ಪಡಸಾಲೆಯಲ್ಲಿ ಮಲಗಿಕೊಂಡು ದಿನ ಕಳೆದಿದ್ದರು. ಆದರೆ ಮನೆಗೆ ಜನ ಬರುತ್ತಾರೆ ಎಂದಮೇಲೆ ಕೈಕಟ್ಟಿ ಕೂರುವುದು ಹೇಗೆ?

"ಕಕ್ಕಸ್ ನೀರು ತುಳ್ಕಂಡು ಒಳಿಕ್ ಬನ್ನಿ ಅನ್ನಾಕಾಯ್ತದೇನೆ ಚನ್ನಮಲ್ಲಿ? ಯಾರು ಹೆತ್ತ ಮಗನೋ ಏನೋ!"

"ಅದೂ ಸರಿಯೇ ಕಣಕ್ಕ" ಎಂದು ಚನ್ನಮಲ್ಲಮ್ಮ ಕೊಡ ಎತ್ತಿಕೊಂಡು ಬಂದರು. ಅವರನ್ನು ನೋಡಿ ಬೀದಿಯ ಹೆಂಗಸರೆಲ್ಲ ಬಂದರು. ಒಬ್ಬರು ಫಿನಾಯಿಲ್ ಸುರಿದರು, ಇನ್ನೊಬ್ಬರು ನೆಲ ಉಜ್ಜಿದರು. ನೆನೆದ ರಾಗಿ, ಹಾಸಿಗೆ ಊರಾಚೆಯ ತಿಪ್ಪೆಗೆ ಹೋದವು. ಚನ್ನಮಲ್ಲಮ್ಮನ ಗಂಡ ಚನ್ನಮಲ್ಲಯ್ಯ ಹಬ್ಬಕ್ಕೆ ಬಳಿದು ಉಳಿದಿದ್ದ ಸುಣ್ಣ ತಂದು, ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಮೂಡಿದ್ದ ಕಪ್ಪು ಗೆರೆಯನ್ನು ಯಾರೂ ಹೇಳದೆಯೇ ಬಳಿದು ಮುಚ್ಚಿದರು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಾಯಿತು.

ಇಂಜಿನಿಯರ್ ಚೇತನ್ ಕುಮಾರ್ ಮೆದು ಮಾತಿನವರು. ಬೂಟು ಹೊರಗೇ ಬಿಟ್ಟು, ರಂಗೋಲಿ ತುಳಿಯದಂತೆ ದಾಟಿ ಒಳಗೆ ಬಂದರು. ಕಾಫಿ ಕುಡಿದರು. ಪಡಸಾಲೆ, ಅಡುಗೆಮನೆ, ಬಚ್ಚಲು ಎಲ್ಲ ನೋಡಿ ಬಂದು ಮತ್ತೆ ಕುರ್ಚಿಯಲ್ಲಿ ಕುಳಿತರು.

"ಎಲ್ಲಿಗಂಟ ಬಂದಿತ್ತಮ್ಮ ನೀರು?"

"ಇಲ್ಲೀಗಂಟ ಕಣಪ್ಪ" ಎಂದು ಗಂಗಲಕ್ಷ್ಮಮ್ಮ ಬೆಳ್ಳಗಿದ್ದ ಗೋಡೆ ತೋರಿಸಿದರು.

"ಗುರುತೇ ಇಲ್ವಲ್ಲ!"

"ನೀವು ಬತ್ತೀರಿ ಅಂತ ತೊಳ್ದ್ವಿ."

"ಫೋಟೋ ಏನಾದ್ರೂ ತೆಗ್ದಿದ್ರಾ?"

"ಅದ್ನ ಯಾಕಪ್ಪ ಫೋಟೋ ಹಿಡೀತಾರೆ? ಮದುವೆಯಾ, ಮುಂಜಿಯಾ?"

ಚೇತನ್ ಕುಮಾರ್ ನಗಲಿಲ್ಲ. "ನಿಮ್ಮ ಮಾತು ನಾನು ನಂಬ್ತೀನಮ್ಮ. ಆದ್ರೆ ಈ ಫಾರಂನಲ್ಲಿ ಕಂಡಿದ್ದು ಅಂತ ಒಂದು ಕಾಲಂ ಇದೆ. ನಂಬಿದ್ದು ಅಂತ ಕಾಲಂ ಇಲ್ಲ" ಎಂದು ತಲೆ ತಗ್ಗಿಸಿ ಬರೆದರು: 'ಹಾನಿ ಕಂಡುಬಂದಿಲ್ಲ.' ಬರೆದದ್ದನ್ನು ಅವರೇ ಓದಿ ಹೇಳಿದಾಗ ಗಂಗಲಕ್ಷ್ಮಮ್ಮ ಖಾಲಿ ಲೋಟವನ್ನು ಸೆರಗಿನಿಂದ ಒರೆಸುತ್ತಾ ನಿಂತುಬಿಟ್ಟರು.

ಅಷ್ಟರಲ್ಲಿ ಶಿರಾ ಬಸ್ಸಿಳಿದು ಚಿಕ್ಕರಂಗಯ್ಯ ಬಂದರು. ಸಂಗತಿ ತಿಳಿದು ಹಣೆ ಬಡಿದುಕೊಂಡರು. "ಎಂಥಾ ಕೆಲ್ಸ ಮಾಡ್ಬುಟ್ಟೆ ಗಂಗಕ್ಕ! ಬನ್ನಿ ಸಾಮಿ, ನಮ್ಮನೇಲಿ ನೋಡೀರಂತೆ. ಒಂದು ಕಡ್ಡೀನೂ ಅಲ್ಲಾಡ್ಸಿಲ್ಲ" ಎಂದು ಹೆಮ್ಮೆಯಿಂದ ಬೀಗ ತೆಗೆದರು.

ನಾಲ್ಕು ದಿನ ಮುಚ್ಚಿದ ಬಾಗಿಲ ಹಿಂದೆ ಕೊಳೆತದ್ದೆಲ್ಲ ಒಮ್ಮೆಗೇ ಹೊರಗೆ ನುಗ್ಗಿತು. ಚೇತನ್ ಕುಮಾರ್ ಮೂಗಿಗೆ ಕರವಸ್ತ್ರ ಒತ್ತಿ ಹೊಸಿಲವರೆಗೆ ಹೋದರು, ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಓಡಿಬಂದರು. ಅವರನ್ನು ಗಂಗಲಕ್ಷ್ಮಮ್ಮ ತಮ್ಮ ಜಗುಲಿಯಲ್ಲಿ ಕೂರಿಸಿ, ನಿಂಬೆಹಣ್ಣು ಹೆಚ್ಚಿ ಮೂಸಲು ಕೊಟ್ಟು, ಬೆನ್ನು ನೀವಿದರು. ಸುಧಾರಿಸಿಕೊಂಡ ಮೇಲೆ ಅವರು ಎರಡನೆಯ ಫಾರಂ ತುಂಬಿದರು: 'ಒಳಗೆ ಪ್ರವೇಶಿಸಲು ಸಾಧ್ಯವಾಗದ ಕಾರಣ ತನಿಖೆ ನಡೆದಿಲ್ಲ.'

"ತೊಳೆದ್ರೆ ಏನೂ ಕಾಣಾಕಿಲ್ಲ ಅಂತೀರಿ. ತೊಳೀದಿದ್ರೆ ಒಳಿಕ್ಕೇ ಬರಾಕಿಲ್ಲ ಅಂತೀರಿ" ಎಂದರು ಚಿಕ್ಕರಂಗಯ್ಯ. "ಎಷ್ಟು ತೊಳೀಬೇಕು ಅಂತಾನಾದ್ರೂ ಹೇಳ್ಬುಡಿ ಸಾಮಿ."

ಚೇತನ್ ಕುಮಾರ್ ಬೂಟಿನ ದಾರ ಕಟ್ಟುತ್ತಾ ನಿಜವಾಗಿಯೂ ಯೋಚಿಸಿದರು. "ಶುಕ್ರವಾರ ನಾನೇ ಇನ್ನೊಂದ್ಸಲ ಬರ್ತೀನಿ. ಒಂದು ಅರ್ಧ ತೊಳೆದಿಡಿ" ಎಂದು ಕನಿಕರದಿಂದ ಹೇಳಿ ಬೈಕು ಹತ್ತಿದರು.

ಬೈಕು ತಿರುವು ದಾಟುವ ಮೊದಲೇ ಬೀದಿಯ ಹೆಂಗಸರು ಕೊಡ ತುಂಬಿಕೊಂಡು ಬಂದರು. ಎಲ್ಲರಿಗಿಂತ ಮುಂದೆ ಗಂಗಲಕ್ಷ್ಮಮ್ಮ, ಕೈಯಲ್ಲಿ ಅದೇ ಪೊರಕೆ.

"ನಂದಂತೂ ಹೋಯ್ತು ರಂಗಯ್ಯ. ನಿಂದಾದ್ರೂ ಆಗ್ಲಿ. ಒಬ್ನೇ ಎಷ್ಟೂಂತ ತೊಳೀತೀಯ, ಅತ್ಲಾಗ್ ಸರ್ಕೊ."

ಚಿಕ್ಕರಂಗಯ್ಯ ಆ ಗುಂಪನ್ನು ನೋಡಿದರು. ಎಲ್ಲರ ಹಿಂದೆ ಸುಣ್ಣದ ಬಕೆಟ್ಟು ಹಿಡಿದು ಬರುತ್ತಿದ್ದ ಚನ್ನಮಲ್ಲಯ್ಯನನ್ನೂ ನೋಡಿದರು. ಬಾಗಿಲ ಚೌಕಟ್ಟಿಗೆ ಎರಡೂ ಕೈ ಅಡ್ಡ ಇಟ್ಟು, ಉಸಿರು ಬಿಗಿಹಿಡಿದು, ತಮ್ಮ ಮನೆಯ ಗಲೀಜಿಗೆ ಕಾವಲು ನಿಂತರು.