ಗೆರೆಯಾಚೆಯ ಮೂಲೆ

"ಬಾಗಿಲು ಹಾಕಮ್ಮ," ಎಂದರು ನಿರ್ದೇಶಕರು.

ಬಾಗಿಲು ಹಾಕಿಸಿ ಆಡುವ ಮಾತು ಸಂಶೋಧನೆಯದಲ್ಲ ಎಂದು ಸಂಶೋಧಕಿಗೆ ಗೊತ್ತಿತ್ತು.

ಕಂಪ್ಯೂಟರಿನ ಪರದೆಯ ಮೇಲೆ ಜೌಗುನೆಲದ ನಕ್ಷೆ ಹರಡಿತ್ತು. ತಳದಲ್ಲಿ ಉಪಗ್ರಹದ ಚಿತ್ರ, ಅದರ ಮೇಲೆ ನೀರಿನ ಹರಿವು, ಅದರ ಮೇಲೆ ನೀರುನಾಯಿಗಳ ಹೆಜ್ಜೆ ಸಿಕ್ಕಲ್ಲೆಲ್ಲ ಕೆಂಪು ಚುಕ್ಕೆ. ಒಂದೊಂದು ಚುಕ್ಕೆಗೂ ಅವಳು ಮೊಣಕಾಲುದ್ದ ಕೆಸರಿನಲ್ಲಿ ಜಿಪಿಎಸ್ ಹಿಡಿದು ನಿಂತಿದ್ದಳು. ಎಲ್ಲವನ್ನೂ ಸುತ್ತುವರಿದು ಒಂದು ಹಸಿರು ಗೆರೆ. ಅದರೊಳಗೆ ಯಾರೂ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ.

ನಿರ್ದೇಶಕರ ಬೆರಳು ದಕ್ಷಿಣದ ಮೂಲೆಯಲ್ಲಿ ನಿಂತಿತು. "ಇದ್ಯಾಕೆ ಒಳಗೆ ಬಂತು? ಇಲ್ಲಿ ಚುಕ್ಕೆಯೇ ಇಲ್ವಲ್ಲ."

"ಊರಿನ ಕೊಳಚೆ ಅಲ್ಲಿಂದಲೇ ಒಳಗೆ ಹರಿಯೋದು ಸರ್. ಪ್ರಾಣಿಗಳು ಆ ಕಡೆ ಸುಳಿಯಲ್ಲ. ಅಲ್ಲಿ ಮನೆಗಳೂ ಎದ್ದರೆ ಉಳಿದ ನೀರೂ ಕೆಡುತ್ತೆ."

"ಗೆರೆ ಸ್ವಲ್ಪ ಈಚೆಗೆ ಎಳಿ. ಅದೇನು ಶಿಲಾಶಾಸನವೇ?"

ಆ ಮೂಲೆ ನಿರ್ದೇಶಕರ ಭಾಮೈದನದು. 'ಪ್ರಕೃತಿಯ ಮಡಿಲಲ್ಲಿ ಬಂಗಲೆಗಳು' ಎಂಬ ಫಲಕ ಆಗಲೇ ಸಿದ್ಧವಾಗಿತ್ತು. ಆ ಸಂಸ್ಥೆಯಲ್ಲಿ ಗುಟ್ಟು ಎಂದರೆ ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಡದ ಸಂಗತಿ.

"ಆಗಲ್ಲ ಸರ್."

"ನಿನ್ನ ಸಂಶೋಧನೆ ಮುಂದುವರೀಬೇಕೋ, ಬೇಡವೋ?"

ಅವಳು ದಕ್ಷಿಣದ ಮೂಲೆಯನ್ನು ಪರದೆಯ ಮೇಲೆ ಹಿಗ್ಗಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಒಂದ್ಸಲ ಹೊರಗೆ ಹಾಕಿದ ಜಾಗನ ಮತ್ತೆ ಒಳಗೆ ತರೋಕಾಗಲ್ಲ ಸರ್. ಯೋಚನೆ ಮಾಡಿ."

"ಮಾಡಿಯೇ ಹೇಳ್ತಿರೋದು."

"ಹಾಗಾದ್ರೆ ಆ ಮೂಲೆ ಜೌಗಿಗೆ ಸೇರಿಲ್ಲ ಅಂತ ನೀವೇ ಸಹಿ ಹಾಕಿ. ನನ್ನ ಸಹಿಗೆ ಎಲ್ಲಿಯ ತೂಕ?"

ನಿರ್ದೇಶಕರು ಉಬ್ಬಿಹೋದರು. ಸಹಿ ಬಿತ್ತು. ಗೆರೆ ಸರಿಯಿತು.

"ಗೆರೆ ಜೊತೆ ಬೆನ್ನುಮೂಳೆಯನ್ನೂ ಮೌಸಲ್ಲೇ ಎಳೆದುಬಿಟ್ಟಳು," ಎಂದು ಸಹೋದ್ಯೋಗಿಗಳು ನಕ್ಕರು. ಅವಳು ತಲೆ ತಗ್ಗಿಸಿ ಚಹಾ ಕುಡಿದಳು. ನಿರ್ದೇಶಕರು ಮಾತ್ರ ಊರೆಲ್ಲ ಸುತ್ತಿ 'ನಿಸರ್ಗದೊಂದಿಗೆ ಸಹಬಾಳ್ವೆ' ಎಂದು ಭಾಷಣ ಬಿಗಿದರು.

ಹೊಸ ನಕ್ಷೆ ಪ್ರಕಟವಾದ ಕೆಲವು ವಾರಗಳಿಗೆ ನಗರಸಭೆಯ ಎಂಜಿನಿಯರ್ ನಿರ್ದೇಶಕರ ಕೋಣೆಗೆ ಬಂದ. ಭಾಮೈದ ಅಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಎಂಜಿನಿಯರ್ ನಿರ್ದೇಶಕರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ದೊಡ್ಡ ಉಪಕಾರ ಆಯ್ತು ಸರ್! ಜೌಗಿಗೆ ಅಂಟಿಕೊಂಡಿರಬೇಕು, ಗೆರೆಯೊಳಗೆ ಮಾತ್ರ ಇರಬಾರದು. ಅಂಥ ಜಾಗ ಹುಡುಕಿ ಹುಡುಕಿ ಸಾಕಾಗಿತ್ತು. ನಿಮ್ಮ ಹೊಸ ನಕ್ಷೆ ಹಾಕಿದ್ದೇ ತಡ, ಕಂಪ್ಯೂಟರ್ ಒಂದೇ ಒಂದು ಮೂಲೆ ತೋರಿಸ್ತು. ಸ್ವಾಧೀನದ ಆದೇಶವೂ ಇವತ್ತೇ ಆಯ್ತು."

ಭಾಮೈದನ ಕಾಲು ಕೆಳಗಿಳಿಯಿತು. "ಏನ್ ಕಟ್ತೀರಿ ಅಲ್ಲಿ?"

"ಊರಿನ ಕೊಳಚೆ ನೀರನ್ನೆಲ್ಲ ಜೌಗಿಗೆ ಸೇರೋ ಮೊದಲೇ ಶುದ್ಧ ಮಾಡೋ ಘಟಕ," ಎಂದ ಎಂಜಿನಿಯರ್. "ಜಾಗ ಎಂಥದ್ದಿರಬೇಕು ಅಂತ ಮೊದಲೇ ನಮಗೆ ಬರೆದುಕೊಟ್ಟಿದ್ದು ನಿಮ್ಮ ಸಂಶೋಧಕಿಯೇ ಅಲ್ವಾ ಸರ್!"