ಮಗ್ಗದ ಕುಣಿ

"ನೆಲಾ ಅಗದು ನನ್ನ ಮನೀ ಕೆಡಿಸೀಯಲ್ಲ. ನಿನ್ನ ಠೇವಣಿ ಅದರಾಗ ವಜಾ ಆತು," ಎಂದು ಮನೆಯ ಮಾಲೀಕ ಗುರುಸಂಗಪ್ಪ ಮಗ್ಗದ ಕುಣಿಯತ್ತ ಬೆರಳು ತೋರಿಸಿದ.

ನರಗುಂದಕ್ಕೆ ಹೊರಟ ಚಕ್ಕಡಿಗೆ ಕಲ್ಲವ್ವನ ಮಗ್ಗ, ಪಾತ್ರೆ, ಹಾಸಿಗೆ ಎಲ್ಲ ಏರಿಸಿಯಾಗಿತ್ತು. ಅವಳ ಮೈಯೆಲ್ಲ ಉರಿಯಿತು. ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯ್ದ ಸೀರೆಗಳೇ ಇವನಿಗೆ ತಿಂಗಳು ತಪ್ಪದೆ ಬಾಡಿಗೆ ಕಟ್ಟಿದ್ದವು. ಸೆರಗು ಸಿಗಿಸಿ ಹಿತ್ತಲಿಗೆ ಹೋದವಳು ಬುಟ್ಟಿ ತುಂಬ ಮಣ್ಣು ತಂದು ಕುಣಿಗೆ ಸುರಿದಳು. ಮತ್ತೊಂದು ಬುಟ್ಟಿ ತಂದಳು.

"ಏನ್ ಮಾಡಾಕತ್ತೀಬೇ?"

"ಕೆಡಿಸಿದ್ದನ್ನ ಮುಚ್ಚಾಕತ್ತೀನ್ರಿ."

ಗುರುಸಂಗಪ್ಪ ಅಡ್ಡ ಬಂದು ನಿಂತ. "ತಡೀಬೇ. ನಾಳಿ ಬರೋ ನೇಕಾರ ಈ ಕುಣಿ ನೋಡೇ ಹೆಚ್ಚಿನ ಬಾಡಿಗಿಗೆ ಒಪ್ಪ್ಯಾನ."

ಕಲ್ಲವ್ವ ಬುಟ್ಟಿಯನ್ನು ಟೊಂಕಕ್ಕೆ ಆನಿಸಿಕೊಂಡು, ಮಣ್ಣು ಮೆತ್ತಿದ ಕೈಯನ್ನು ಅವನೆದುರು ಚಾಚಿದಳು.